ಎನ್‌-1 ಕಂಟಿಂಜೆನ್ಸಿ ಅನಾಲಿಸಿಸ್‌: ಯಾವ ಲೈನ್ ತೆಗೆದರೂ ಓವರ್‌ಲೋಡ್ ಕಾಣುತ್ತಿಲ್ಲ, ಏಕೆ?

ಪ್ರಶ್ನೆ — ಎಂ.ಟೆಕ್. ವಿದ್ಯಾರ್ಥಿನಿ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಐಇಇಇ 14 ಬಸ್ ಜಾಲದ (14 ಬಸ್‌ಗಳ, ಅಂದರೆ ಲೈನ್‌ಗಳು ಕೂಡುವ ಬಿಂದುಗಳ, ಪರೀಕ್ಷಾ ಜಾಲ) ಮೇಲೆ ಎನ್‌-1 ಕಂಟಿಂಜೆನ್ಸಿ ಅನಾಲಿಸಿಸ್ (ಯಾವುದಾದರೂ ಒಂದು ಲೈನ್ ಕೈಕೊಟ್ಟರೆ ಉಳಿದ ಜಾಲ ತಡೆದೀತೇ ಎಂಬ ಪರೀಕ್ಷೆ) ನಡೆಸಿ ಕೈ ಪಳಗಿದ ಮೇಲೆ, ಅದೇ ಕ್ರಮದಲ್ಲಿ ನಮ್ಮ ಭಾಗದ 66 ಕೆವಿ ಜಾಲವನ್ನು ಪರೀಕ್ಷಿಸಬೇಕೆಂಬುದು ನನ್ನ ಪ್ರಾಜೆಕ್ಟಿನ ಉದ್ದೇಶ. ಬೇಸ್ ಕೇಸಿನ (ಪರೀಕ್ಷೆಗೆ ಮುಂಚಿನ ಮೂಲ ಸ್ಥಿತಿಯ) ಲೋಡ್ ಫ್ಲೋ, ಅಂದರೆ ವಿದ್ಯುತ್ ಹರಿವಿನ ಲೆಕ್ಕ, ಸಲೀಸಾಗಿ ಕನ್ವರ್ಜ್ ಆಗುತ್ತಿದೆ (ಉತ್ತರಕ್ಕೆ ಬಂದು ನಿಲ್ಲುತ್ತಿದೆ). ಆದರೆ 20 ಬ್ರಾಂಚ್‌ಗಳನ್ನು ಒಂದೊಂದಾಗಿ ತೆಗೆದು ನೋಡಿದಾಗ ಬಂದ ಫಲಿತಾಂಶವನ್ನು ನಂಬಲು ಮನಸ್ಸು ಒಪ್ಪುತ್ತಿಲ್ಲ. ಬೇಸ್ ಕೇಸಿನಲ್ಲಿ ಸುಮಾರು 157 ಮೆಗಾವ್ಯಾಟ್ ಹೊರುವ 1-2 ಲೈನನ್ನೇ ತೆಗೆದರೂ ವರದಿಯಲ್ಲಿ ಒಂದೇ ಒಂದು ಓವರ್‌ಲೋಡ್ ಇಲ್ಲ. ವೋಲ್ಟೇಜಿಗೆ 0.95ರಿಂದ 1.05 ಪರ್‌ ಯೂನಿಟ್ (ನಿಗದಿತ ವೋಲ್ಟೇಜಿನ ಪಟ್ಟು) ಮಿತಿ ಕೊಟ್ಟಿದ್ದೇನೆ. ಯಾವ ಲೈನ್ ತೆಗೆದರೂ ಮಿತಿ ಮೀರಿದವುಗಳ ಪಟ್ಟಿಯಲ್ಲಿ 1, 6 ಮತ್ತು 8ನೇ ಬಸ್‌ಗಳು ಇದ್ದೇ ಇರುತ್ತವೆ. 7-8 ಬ್ರಾಂಚ್ ತೆಗೆದಾಗಲಂತೂ ಇಟರೇಷನ್ (ಲೆಕ್ಕದ ಸುತ್ತುಗಳ) ಮಿತಿಯನ್ನು 100ಕ್ಕೆ ಏರಿಸಿದರೂ ಕನ್ವರ್ಜ್ ಆಗುವುದೇ ಇಲ್ಲ. ನಾನು ಎಲ್ಲಿ ಎಡವಿದ್ದೇನೆ ಎಂದು ದಯವಿಟ್ಟು ತಿಳಿಸಿ.

ಉತ್ತರ — ಪ್ರಸರಣ ವಿಭಾಗದ ನಿವೃತ್ತ ಎಂಜಿನಿಯರ್, ಮೈಸೂರು

ಸಾಫ್ಟ್‌ವೇರನ್ನು ಸದ್ಯಕ್ಕೆ ಬಿಡಿ, ಲೈನ್ ಡೇಟಾದ ರೇಟಿಂಗ್ ಕಾಲಂ ತೆರೆದು ನೋಡಿ. ಎಲ್ಲರೂ ಇಳಿಸಿಕೊಳ್ಳುವ 14 ಬಸ್ ಡೇಟಾದಲ್ಲಿ ರೆಸಿಸ್ಟೆನ್ಸ್, ರಿಯಾಕ್ಟೆನ್ಸ್, ಚಾರ್ಜಿಂಗ್ ಎಲ್ಲವೂ ಇವೆ. ಲೈನ್ ಎಷ್ಟು ಎಂವಿಎ (ಮೆಗಾ ವೋಲ್ಟ್-ಆಂಪಿಯರ್) ಹೊರಬಲ್ಲದು ಎಂಬುದು ಮಾತ್ರ ಇಲ್ಲ. ಆ ಜಾಗದಲ್ಲಿ 0 ಇರುತ್ತದೆ, ಕೆಲವು ಪ್ರತಿಗಳಲ್ಲಿ 9900 ಎಂದಿರುತ್ತದೆ. ಸೊನ್ನೆಯನ್ನು ಸಾಫ್ಟ್‌ವೇರ್ ಸಾಮಾನ್ಯವಾಗಿ ‘ಮಿತಿಯಿಲ್ಲ’ ಎಂದೇ ಓದಿಕೊಳ್ಳುತ್ತದೆ. ಮಿತಿಯೇ ಇಲ್ಲದ ಮೇಲೆ ಮೀರುವುದೆಲ್ಲಿ ಬಂತು? ಓವರ್‌ಲೋಡ್ ಇಲ್ಲವೆಂಬ ನಿಮ್ಮ ವರದಿಯ ಅರ್ಥ, ಓವರ್‌ಲೋಡನ್ನು ಯಾರೂ ಹುಡುಕಲಿಲ್ಲ ಎಂದಷ್ಟೇ.

ಪರೀಕ್ಷಾ ಜಾಲಕ್ಕೆ ರೇಟಿಂಗನ್ನು ನೀವೇ ಊಹಿಸಿ ಕೊಡಬೇಕಾಗುತ್ತದೆ, ಹಾಗೆ ಊಹಿಸಿದ್ದನ್ನು ವರದಿಯಲ್ಲಿ ಬರೆಯಲೂ ಬೇಕು. 66 ಕೆವಿ ಜಾಲಕ್ಕೆ ಬಂದಾಗ ಊಹೆ ಸಲ್ಲದು. ಆ ಲೈನಿನ ತಂತಿ ಯಾವುದು, ಅದು ಎಷ್ಟು ಆಂಪಿಯರ್ ಹೊರಬಲ್ಲದು ಎಂದು ವಿಚಾರಿಸಿ, ಮೂರರ ವರ್ಗಮೂಲ, ಕೆವಿ ಮತ್ತು ಕಿಲೋ ಆಂಪಿಯರ್ ಇವನ್ನು ಗುಣಿಸಿ. 300 ಆಂಪಿಯರ್ ಎಂದಾದರೆ ಸುಮಾರು 34 ಎಂವಿಎ ಬರುತ್ತದೆ. ಆದರೆ ಆ 300 ವರ್ಷವಿಡೀ ಒಂದೇ ಅಲ್ಲ. ಏಪ್ರಿಲ್ ಬಿಸಿಲಿನಲ್ಲಿ ತಂತಿ ಮೊದಲೇ ಕಾದಿರುತ್ತದೆ, ಕಬ್ಬಿನ ಗದ್ದೆಗಳ ಪಂಪ್‌ಸೆಟ್‌ಗಳಿಗೆ ಮೂರು ಫೇಸ್ ಕೊಡುವ ಹೊತ್ತೂ ಅದೇ ಆಗಿರಬಹುದು. ಡಿಸೆಂಬರಿನ ರೇಟಿಂಗಿಗೆ ಬೇಸಿಗೆಯ ಲೋಡನ್ನು ಹೋಲಿಸಿದ ಅಧ್ಯಯನವನ್ನು ನಾನಂತೂ ಒಪ್ಪುವುದಿಲ್ಲ.

ವೋಲ್ಟೇಜಿನ ಗೊಂದಲ ಸುಲಭದ್ದು. ಆ ಜಾಲದ ಬೇಸ್ ಕೇಸಿನಲ್ಲೇ 1ನೇ ಬಸ್ 1.06, 6ನೇ ಬಸ್ 1.07, 8ನೇ ಬಸ್ 1.09 ಇವೆ. ಲೈನ್ ತೆಗೆಯುವ ಮೊದಲೇ ಮಿತಿ ಮೀರಿದ್ದನ್ನು ಕಂಟಿಂಜೆನ್ಸಿಯ ಲೆಕ್ಕಕ್ಕೆ ಹಾಕಬೇಡಿ. ಬೇಸ್ ಕೇಸಿಗಿಂತ ಹದಗೆಟ್ಟವನ್ನು ಮಾತ್ರ ಪಟ್ಟಿ ಮಾಡಿ. ಅಲ್ಲದೆ ನಮ್ಮ ದೇಶದ ಯೋಜನಾ ಮಾನದಂಡದಲ್ಲಿ 220 ಕೆವಿ ಬಸ್ಸಿಗೆ 198ರಿಂದ 245 ಕೆವಿವರೆಗೆ ಅವಕಾಶವಿದೆ. ಪುಸ್ತಕದ 0.95–1.05 ಎಲ್ಲ ಮಟ್ಟಕ್ಕೂ ಹೊಂದುವುದಿಲ್ಲ.

ಉತ್ತರ — ಎಲೆಕ್ಟ್ರಿಕಲ್ ವಿಭಾಗದ ಉಪನ್ಯಾಸಕಿ, ಮೈಸೂರು

7-8ರ ವಿಷಯವನ್ನು ನಾನು ಹೇಳುತ್ತೇನೆ. ಜಾಲದ ಸಿಂಗಲ್ ಲೈನ್ ಚಿತ್ರವನ್ನು ಎದುರಿಗಿಟ್ಟುಕೊಂಡು 8ನೇ ಬಸ್ಸಿನ ಮೇಲೆ ಬೆರಳಿಡಿ. ಅಲ್ಲಿಂದ ಹೊರಡುವುದು ಒಂದೇ ದಾರಿ, ಅದೂ 7ನೇ ಬಸ್ಸಿಗೆ. ಅದನ್ನು ತೆಗೆದರೆ ಸಿಂಕ್ರೊನಸ್ ಕಂಡೆನ್ಸರ್ (ವೋಲ್ಟೇಜನ್ನು ಎತ್ತಿಹಿಡಿಯಲು ರಿಯಾಕ್ಟಿವ್ ಪವರ್ ಕೊಡುವ ಯಂತ್ರ) ಇರುವ 8ನೇ ಬಸ್ ಜಾಲದಿಂದ ಕಳಚಿಕೊಂಡು, ಸ್ಲ್ಯಾಕ್ ಬಸ್ (ಲೆಕ್ಕಕ್ಕೆ ಆಧಾರವಾಗಿ ಹೆಚ್ಚುಕಡಿಮೆಯನ್ನು ಸರಿದೂಗಿಸುವ ಬಸ್) ಇಲ್ಲದ ಐಲ್ಯಾಂಡ್ (ಒಂಟಿ ತುಂಡು) ಆಗುತ್ತದೆ. ಅದಕ್ಕೆ ನಿಶ್ಚಿತ ಪರಿಹಾರವೇ ಇಲ್ಲದಿರುವಾಗ ಇಟರೇಷನ್ ನೂರಾದರೇನು, ಸಾವಿರವಾದರೇನು! 7-8ರ ಜೊತೆಗೆ 8ನೇ ಬಸ್ಸನ್ನೂ ಸೇವೆಯಿಂದ ಹೊರಗಿಟ್ಟು ಮತ್ತೆ ನಡೆಸಿ. ಉಳಿದ 13 ಬಸ್‌ಗಳು ಕನ್ವರ್ಜ್ ಆಗುತ್ತವೆ, ಕಂಡೆನ್ಸರ್ ಕೊಡುತ್ತಿದ್ದ ಸುಮಾರು 17 ಎಂವಿಎಆರ್ (ರಿಯಾಕ್ಟಿವ್ ಪವರಿನ ಅಳತೆ) ಇಲ್ಲದೆ 7 ಮತ್ತು 9ನೇ ಬಸ್‌ಗಳ ವೋಲ್ಟೇಜ್ ಎಷ್ಟು ಇಳಿಯಿತೆಂಬುದೂ ಕಾಣುತ್ತದೆ.

66 ಕೆವಿ ಜಾಲದಲ್ಲಿ ಇದು ನಿಮಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ. ಒಂದೇ ಲೈನನ್ನು ನಂಬಿರುವ ಸಬ್‌ಸ್ಟೇಷನ್ನಿನ ಲೈನ್ ತೆಗೆದರೆ ಓವರ್‌ಲೋಡ್ ಆಗುವುದಿಲ್ಲ, ವೋಲ್ಟೇಜ್ ದೂರೂ ಬರುವುದಿಲ್ಲ. ಆ ಊರುಗಳಿಗೆ ಕರೆಂಟೇ ಇರುವುದಿಲ್ಲ. ಅಂಥವುಗಳಿಗೆ ಕಡಿತಗೊಂಡ ಲೋಡ್ ಎಷ್ಟು ಮೆಗಾವ್ಯಾಟ್ ಎಂಬ ಬೇರೆ ಕಾಲಂ ಇಡಲೇಬೇಕು.

ಜನರೇಟರ್‌ಗಳ ರಿಯಾಕ್ಟಿವ್ ಮಿತಿಯನ್ನು ಜಾರಿಯಲ್ಲಿಟ್ಟಿದ್ದೀರಾ, ಅದನ್ನೂ ನೋಡಿಕೊಳ್ಳಿ. ಇಡದಿದ್ದರೆ 6ನೇ ಬಸ್ಸಿನಂಥ ಪಿವಿ ಬಸ್ (ವೋಲ್ಟೇಜನ್ನು ಮೊದಲೇ ನಿಗದಿ ಮಾಡಿದ ಬಸ್) ಎಂಥ ಹೊಡೆತ ಬಿದ್ದರೂ 1.07ರಲ್ಲೇ ನಿಂತಿರುತ್ತದೆ, ಅದರ ಸುತ್ತಲಿನ ನಿಜವಾದ ಕುಸಿತ ಮರೆಯಾಗುತ್ತದೆ.

ಉತ್ತರ — ಗ್ರಿಡ್ ನಿರ್ವಹಣೆಯಲ್ಲಿರುವವರು, ಮೈಸೂರು

ಮೇಲಿನ ಇಬ್ಬರ ಮಾತೂ ಸರಿ. ಒಂದು ಮಾತನ್ನು ಸೇರಿಸುತ್ತೇನೆ. ಬೇಸ್ ಕೇಸ್ ಎಂದರೆ ಎಲ್ಲ ಲೈನ್‌ಗಳೂ ಸೇವೆಯಲ್ಲಿರುವ ಆದರ್ಶ ಚಿತ್ರ ಎಂದು ತಿಳಿಯಬಾರದು. 2012ರ ಜುಲೈ 30ರ ನಸುಕಿನಲ್ಲಿ ಉತ್ತರ ಗ್ರಿಡ್ ಕುಸಿದಾಗ 400 ಕೆವಿ ಬೀನಾ-ಗ್ವಾಲಿಯರ್ ಲೈನಿನ ಒಂದು ಸರ್ಕ್ಯೂಟನ್ನು 765 ಕೆವಿಗೆ ಏರಿಸುವ ಕೆಲಸಕ್ಕಾಗಿ ಮೊದಲೇ ಬಿಡಿಸಲಾಗಿತ್ತು. ಇನ್ನೊಂದರಲ್ಲಿ ಯಾವ ಫಾಲ್ಟೂ ಇರಲಿಲ್ಲ. ಹೊತ್ತ ಭಾರವನ್ನೇ ದೂರದ ಫಾಲ್ಟ್ ಎಂದು ಭಾವಿಸಿ ರಿಲೇಯ (ಫಾಲ್ಟ್ ಕಂಡರೆ ಲೈನನ್ನು ಕಡಿಯುವ ರಕ್ಷಣಾ ಸಾಧನದ) ಮೂರನೇ ವಲಯ, ಅಂದರೆ ಅತಿ ದೂರದ ಫಾಲ್ಟ್‌ಗಳನ್ನು ನೋಡುವ ಭಾಗ, ಅದನ್ನು 2 ಗಂಟೆ 33 ನಿಮಿಷಕ್ಕೆ ಟ್ರಿಪ್ ಮಾಡಿತು. ಕಾಗದದ ಮೇಲೆ ಅದು ಒಂದು ಲೈನಿನ ನಷ್ಟ; ಪೂರ್ಣ ಜಾಲದ ದೃಷ್ಟಿಯಿಂದ ಎರಡನೆಯದು. ಆದ್ದರಿಂದ ದುರಸ್ತಿಗೆ ಬಿಟ್ಟಿರುವ ಲೈನ್, ಟ್ರಾನ್ಸ್‌ಫಾರ್ಮರ್‌ಗಳನ್ನು ಬೇಸ್ ಕೇಸಿನಲ್ಲೇ ತೆಗೆದಿಟ್ಟು ಎನ್‌-1 ನಡೆಸಿ.

ಟ್ಯಾಪ್ ಚೇಂಜರ್‌ಗಳ (ಟ್ರಾನ್ಸ್‌ಫಾರ್ಮರಿನ ವೋಲ್ಟೇಜನ್ನು ಹೊಂದಿಸುವ ಸಾಧನಗಳ) ವಿಷಯದಲ್ಲೂ ಎಚ್ಚರವಿರಲಿ. ಲೈನ್ ಟ್ರಿಪ್ ಆದ ಕೂಡಲೇ ಟ್ಯಾಪ್ ಬದಲಾಗುವುದಿಲ್ಲ. ತಕ್ಷಣದ ಸ್ಥಿತಿ ತಿಳಿಯಲು ಟ್ಯಾಪ್‌ಗಳನ್ನು ಬೇಸ್ ಕೇಸಿನ ಸ್ಥಾನದಲ್ಲೇ ಲಾಕ್ ಮಾಡಿ ಒಮ್ಮೆ, ಬಿಟ್ಟು ಇನ್ನೊಮ್ಮೆ ನಡೆಸಿ. ಎರಡರ ನಡುವಿನ ವ್ಯತ್ಯಾಸವೇ ಹಲವು ಸಲ ಅಧ್ಯಯನದ ಮುಖ್ಯ ಫಲಿತಾಂಶವಾಗಿರುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ವಂದನೆಗಳು. ರೇಟಿಂಗ್ ಕಾಲಂನಲ್ಲಿ ಸಾಲಾಗಿ ಸೊನ್ನೆಗಳೇ ಇದ್ದವು. ಬೇಸ್ ಕೇಸಿನಲ್ಲಿ ಸುಮಾರು 75 ಮೆಗಾವ್ಯಾಟ್ ಹೊರುವ 1-5 ಲೈನಿಗೆ 100 ಎಂವಿಎ ಕೊಟ್ಟು, 1-2 ತೆಗೆದು ನಡೆಸಿದೆ. 1ನೇ ಬಸ್ಸಿನ ಉತ್ಪಾದನೆಯೆಲ್ಲ ಆ ಒಂದೇ ಲೈನಿನ ಮೇಲೆ ಬಿದ್ದು, ಅದರ ಹೊರೆ ಮಿತಿಯ ಎರಡು ಪಟ್ಟನ್ನೂ ದಾಟಿತು. 8ನೇ ಬಸ್ಸನ್ನು ಹೊರಗಿಟ್ಟ ಮೇಲೆ 7-8ರ ಕೇಸೂ ಕನ್ವರ್ಜ್ ಆಯಿತು. ರಿಯಾಕ್ಟಿವ್ ಮಿತಿ ಜಾರಿಯಲ್ಲಿರಲಿಲ್ಲ. ಈಗ ಇಟ್ಟು 20 ಕೇಸ್‌ಗಳನ್ನೂ ಮೊದಲಿನಿಂದ ನಡೆಸುತ್ತಿದ್ದೇನೆ. 66 ಕೆವಿ ಲೈನ್‌ಗಳ ತಂತಿಯ ವಿವರ ಕೇಳಿ ನಾಳೆಯೇ ಸಬ್‌ಸ್ಟೇಷನ್ನಿಗೆ ಹೋಗಿ ಬರುತ್ತೇನೆ.