ಆಡಿಯೋ ಸಿಡಿ ಬ್ಯಾಕಪ್: ಟ್ರ್ಯಾಕ್‌ಗಳ ಮಧ್ಯೆ ಮೌನ, ಒಂದು ಕಡೆ ಟಕ್ ಟಕ್ ಸದ್ದು

ಪ್ರಶ್ನೆ:
ಅಪ್ಪನ ಹತ್ತಿರ ಕರ್ನಾಟಕ ಸಂಗೀತ ಕಛೇರಿಗಳ ಹಳೇ ಸಿಡಿಗಳಿವೆ. ದುಡ್ಡು ಕೊಟ್ಟು ತಂದವು, ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ವಿಂಡೋಸ್ 10 ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಡ್ರೈವ್ ಹಾಕಿ, ಮೊದಲು ಸುಮ್ನೆ ಕಾಪಿ-ಪೇಸ್ಟ್ ಮಾಡಿದೆ. ಒಂದೊಂದು ಫೈಲೂ 44 ಬೈಟ್ ಅಷ್ಟೇ, ಸಿಡಿ ತೆಗೆದರೆ ಯಾವುದೂ ಹಾಡುವುದಿಲ್ಲ. ಆಮೇಲೆ ಎಂಪಿ3 ಮಾಡಿ ಖಾಲಿ ಸಿಡಿಗೆ ಬರ್ನ್ ಮಾಡಿದೆ. ಈಗ ರಾಗ ಮುಗಿದು ತಾನ ಶುರುವಾಗುವ ಕಡೆ ಎರಡು ಸೆಕೆಂಡ್ ಮೌನ. ಮೂಲದಲ್ಲಿ ಹಾಗಿಲ್ಲ. ಐದನೇ ಟ್ರ್ಯಾಕಿನಲ್ಲಿ ಟಕ್ ಟಕ್ ಸದ್ದು ಬೇರೆ. ಐಎಸ್ಒ (ಇಡೀ ಡಿಸ್ಕಿನ ನಕಲು ಒಂದೇ ಫೈಲಿನಲ್ಲಿ) ಮಾಡಿದರೆ ಸರಿ ಹೋಗುತ್ತಾ?

ಉತ್ತರ 1:
ಐಎಸ್ಒ ಬೇಡ, ಅದು ಡೇಟಾ ಸಿಡಿಗೆ. ಆಡಿಯೋ ಸಿಡಿಯಲ್ಲಿ ಫೈಲ್ ಅನ್ನೋದೇ ಇರುವುದಿಲ್ಲ. ನೀವು ಕಾಪಿ ಮಾಡಿದ ಸಿಡಿಎ ಫೈಲ್ ವಿಂಡೋಸ್ ತೋರಿಸುವ ಒಂದು ಚೀಟಿ ಅಷ್ಟೇ: ಟ್ರ್ಯಾಕ್ ಎಲ್ಲಿ ಶುರು, ಎಷ್ಟು ಉದ್ದ ಅಂತ.

ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನೋ ಸಾಫ್ಟ್‌ವೇರ್ ಹಾಕಿಕೊಳ್ಳಿ, ಬಿಟ್ಟಿ ಸಿಗುತ್ತೆ. ಸೆಕ್ಯೂರ್ ಮೋಡ್ ಆರಿಸಿ. ಇಡೀ ಸಿಡಿಯನ್ನು ಒಂದೇ ಇಮೇಜ್ (ಒಂದೇ ದೊಡ್ಡ ಫೈಲ್) ಆಗಿ, ಜೊತೆಗೆ ಯಾವ ಟ್ರ್ಯಾಕ್ ಎಲ್ಲಿ ಶುರು ಅಂತ ಬರೆದಿಡುವ ಕ್ಯೂ ಶೀಟ್ ಸಮೇತ ತೆಗೆಯಿರಿ. ಫಾರ್ಮ್ಯಾಟ್ ಫ್ಲ್ಯಾಕ್ ಇರಲಿ, ಅದು ದನಿ ಏನೂ ಕಳೆಯದೆ ಫೈಲ್ ಕುಗ್ಗಿಸುತ್ತದೆ. ಎಂಪಿ3 ದನಿಯನ್ನು ಕತ್ತರಿಸುವುದಲ್ಲದೆ ಟ್ರ್ಯಾಕಿನ ಶುರುವಿಗೂ ಕೊನೆಗೂ ತನ್ನದೇ ಚೂರು ಮೌನ ಸೇರಿಸುತ್ತದೆ. ಆ ಎರಡು ಸೆಕೆಂಡಿನದು ಬೇರೆ ಕಥೆ. ಬರ್ನ್ ಮಾಡುವಾಗ ಟ್ರ್ಯಾಕ್-ಅಟ್-ಒನ್ಸ್ (ಒಂದೊಂದು ಟ್ರ್ಯಾಕನ್ನೂ ಬೇರೆ ಬೇರೆಯಾಗಿ ಬರೆಯುವುದು) ಇದ್ದಿರಬೇಕು. ಡಿಸ್ಕ್-ಅಟ್-ಒನ್ಸ್ (ಇಡೀ ಸಿಡಿ ನಿಲ್ಲಿಸದೆ ಒಂದೇ ಸಲ) ಇಟ್ಟು ಕ್ಯೂ ಶೀಟಿನಿಂದಲೇ ಬರ್ನ್ ಮಾಡಿ. ಸಿನಿಮಾ ಹಾಡಾದರೆ ಯಾರಿಗೂ ಗೊತ್ತಾಗಲ್ಲ, ಪಲ್ಲವಿ ಕೇಳುವವರಿಗೆ ಗೊತ್ತಾಗುತ್ತೆ ಅಲ್ವಾ!

ಉತ್ತರ 2:
ಟಕ್ ಟಕ್ ಬಗ್ಗೆ. ಸಿಡಿಯಲ್ಲಿ ಸೆಕೆಂಡಿಗೆ 75 ಸೆಕ್ಟರ್ (ಚಿಕ್ಕ ತುಣುಕು), ಒಂದೊಂದರಲ್ಲಿ 2352 ಬೈಟ್. ಡೇಟಾ ಸಿಡಿಯಾದರೆ ಅದರಲ್ಲಿ 2048 ಮಾತ್ರ ನಿಮ್ಮ ಮಾಹಿತಿ, ಉಳಿದದ್ದರಲ್ಲಿ ಬಹುಪಾಲು ತಪ್ಪು ತಿದ್ದಲು. ಆಡಿಯೋದಲ್ಲಿ ಅಷ್ಟೂ ಜಾಗ ಸಂಗೀತಕ್ಕೇ ಹೋಗುತ್ತದೆ. ಹಾಗಾಗಿ ಗೀರು ಜಾಸ್ತಿಯಾದರೆ ಡ್ರೈವ್ ಅಂದಾಜಿನಲ್ಲಿ ದನಿ ತುಂಬಿಸಿ ಮುಂದೆ ಹೋಗುತ್ತದೆ, ಎರರ್ ಅಂತಲೂ ಹೇಳುವುದಿಲ್ಲ. ಸೆಕ್ಯೂರ್ ಮೋಡ್ ಅದೇ ಜಾಗವನ್ನು ಮತ್ತೆ ಮತ್ತೆ ಓದುತ್ತದೆ. ನಿಧಾನ ಆಗುತ್ತೆ, ಆಗಲಿ ಬಿಡಿ.

ಬೇರೆಯವರು ತೆಗೆದ ನಕಲಿನ ಜೊತೆ ಹೋಲಿಸಿ ನೋಡುವ ಆಕ್ಯುರೇಟ್‌ರಿಪ್ ಡೇಟಾಬೇಸಿನಲ್ಲಿ ನಿಮ್ಮ ಸಿಡಿ ಇಲ್ಲದಿದ್ದರೆ ಗಾಬರಿ ಬೇಡ. ಟೆಸ್ಟ್ ಆ್ಯಂಡ್ ಕಾಪಿ ಕೊಡಿ, ಅದು ಎರಡು ಸಲ ಓದುತ್ತದೆ; ಎರಡು ಸಲದ ಸಿಆರ್‌ಸಿ (ಓದಿದ್ದನ್ನು ತಾಳೆ ನೋಡುವ ಸಂಖ್ಯೆ) ಒಂದೇ ಬಂದರೆ ಬಹುಮಟ್ಟಿಗೆ ನಂಬಬಹುದು.

ಅದಕ್ಕೂ ಮುಂಚೆ ಸಿಡಿ ಒರೆಸಿ. ಮೆತ್ತನೆ ಬಟ್ಟೆ, ಮಧ್ಯದಿಂದ ಅಂಚಿಗೆ ನೇರವಾಗಿ. ಸುತ್ತ ತಿರುಗಿಸಿ ಒರೆಸಬೇಡಿ. ಟೂತ್‌ಪೇಸ್ಟಿನಿಂದ ಉಜ್ಜಿ ಗೀರು ತೆಗೆಯುವ ಉಪಾಯ ಯಾರಾದರೂ ಹೇಳಿದರೆ ಕೊನೆಗಿಟ್ಟುಕೊಳ್ಳಿ.

ಕೇಳಿದವರು:
ಮೌನ ಹೋಯಿತು, ರಾಗದಿಂದ ತಾನಕ್ಕೆ ಸಲೀಸಾಗಿ ಹೋಗ್ತಾ ಇದೆ. ಐದನೇ ಟ್ರ್ಯಾಕ್ ಮಾತ್ರ ಹಟ ಹಿಡಿದಿದೆ. ಲಾಗ್‌ನಲ್ಲಿ ಸಸ್ಪಿಷಸ್ ಪೊಸಿಷನ್ (ಓದಿದ್ದು ಅನುಮಾನವಿರುವ ಜಾಗ) ಅಂತ ಬರುತ್ತಿದೆ, ಸಿಆರ್‌ಸಿಯೂ ಬೇರೆ ಬೇರೆ. ಅಡಿಭಾಗದಲ್ಲಿ ಗೀರೇ ಇಲ್ಲ.

ಉತ್ತರ 2:
ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು ನೋಡಿ. ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೆ ಮೇಲಿನ ಲೇಬಲ್ ಕಡೆ ಏಟು ಬಿದ್ದಿದೆ ಅಂತ ಅರ್ಥ. ಬೆಳ್ಳಿ ಬಣ್ಣದ ಪದರ ಲೇಬಲ್ಲಿಗೆ ಒತ್ತಿಕೊಂಡೇ ಇರುತ್ತದೆ, ಅದು ಎದ್ದರೆ ಪಾಲಿಶ್ ಮಾಡಿ ಪ್ರಯೋಜನವಿಲ್ಲ.

ಕೇಳಿದವರು:
ಎರಡು ಚುಕ್ಕಿ ಕಾಣಿಸ್ತಿವೆ.

ಉತ್ತರ 1:
ಬೇರೆ ಡ್ರೈವ್ ಸಿಕ್ಕರೆ ಒಮ್ಮೆ ನೋಡಿ, ಕೆಲವು ಡ್ರೈವ್ ಚೆನ್ನಾಗಿ ಓದುತ್ತವೆ. ಆಗದಿದ್ದರೆ ಅದೇ ಸಿಡಿ ಇರುವ ಪರಿಚಯದವರ ಹತ್ತಿರ ಕೇಳಿ ಐದನೇ ಟ್ರ್ಯಾಕ್ ಒಂದನ್ನೇ ತೆಗೆದುಕೊಳ್ಳಿ. ಉಳಿದ ಸಿಡಿಗಳನ್ನೂ ಹಾಗೇ ಬೆಳಕಿಗೆ ಹಿಡಿದು, ಚುಕ್ಕಿ ಇರುವವನ್ನು ಮೊದಲು ಬ್ಯಾಕಪ್ ಮಾಡಿ.