ಹಿತ್ತಲಕ್ಕ ಥಳಿ ಹೊಡಿಬ್ಯಾಡ್ರಿ, ಸಿಮ್ ಬಂದ್ ಮಾಡಸಬ್ಯಾಡ್ರಿ

ಎಲ್ಲಾರೂ ಸ್ವಲ್ಪ ಕೇಳ್ರಿ. ಬರಕೋತ ಕುಂತ್ರ ತಡ ಆಗ್ತೈತಿ ಅಂತ ಮಾತಾಡೇ ಕಳಸಾಕತ್ತೇನಿ. ನಿನ್ನಿ ರಾತ್ರಿಯಿಂದ ನಮ್ಮ ಓಣಿ ಹೆಣ್ಣಮಗಳು ಕಾಣವಲ್ಲಳು. ಹಿತ್ತಲದಾಗ ಬಳಿ ಚೂರು, ರಕ್ತ, ಒಂದ ಚಪ್ಪಲಿ. ಈ ಗ್ರೂಪಿನ್ಯಾಗ ಒಬ್ರು "ಸೊಲ್ಲಾಪುರ ಬಸ್ ಹತ್ತಿದ್ದು ನೋಡ್ಯಾರಂತ" ಅಂತೀರಿ, ಇನ್ನೊಬ್ರು "ಗಂಡಂದ ಕೈವಾಡ" ಅಂತೀರಿ. ಯಾರು ನೋಡ್ಯಾರ? ನೋಡಿದವರು ಠಾಣೆಗೆ ಹೋಗಿ ಹೇಳಲಿ. 2018ರ ಜುಲೈದಾಗ ಬೀದರ ಜಿಲ್ಲಾ ಮುರ್ಕಿಯೊಳಗ ವಾಟ್ಸಾಪ್ ಸುದ್ದಿ ನಂಬಿ ಏನೂ ತಪ್ಪಿಲ್ಲದವನ್ನ ಬಡದು ಕೊಂದ್ರು, ಮರೀಬ್ಯಾಡ್ರಿ.

ಮೊದಲ ಹಿತ್ತಲ. ನಾಳೆ ಮುಂಜಾನೆ ಎದ್ದು ರೂಢಿ ಮ್ಯಾಲ ಯಾರೂ ಥಳಿ ಹೊಡಿಬ್ಯಾಡ್ರಿ, ಕಸಾ ಹೊಡಿಬ್ಯಾಡ್ರಿ. ರಕ್ತದ ಕಲಿ, ಹೆಜ್ಜಿ ಗುರ್ತು, ಎಲ್ಲಾ ನೀರಾಗ ಹೋಗ್ತಾವ. ಮಳಿ ಬಂದ್ರ ಕಲಿಗೆ ತಾಗಲಾರದಂಗ ಒಂದು ಬುಟ್ಟಿ ಬೋರಲ ಹಾಕ್ರಿ. ಚಪ್ಪಲಿ ಎತ್ತಿಡಬ್ಯಾಡ್ರಿ, ನಾಯಿ ದಳ ಬಂದ್ರ ಅದರ ವಾಸನಿನೇ ಬೇಕಾಗ್ತೈತಿ. ಹತ್ತು ಮಂದಿ ಅಡ್ಡಾಡಿದ ಜಾಗಾದಾಗ ನಾಯಿಗೂ ತಲಿ ಕೆಡ್ತೈತಿ.

ಆಕಿ ಹಣಿಗಿ, ಬ್ರಷ್ಷು, ಒಗೀಲಾರದ ಒಂದು ಅರಿವಿ ಇವನ್ನ ಬ್ಯಾರೆ ಬ್ಯಾರೆ ಕಾಗದದ ಚೀಲದಾಗ ಇಡ್ರಿ. ಪ್ಲಾಸ್ಟಿಕ್ ಬ್ಯಾಡ, ಹಸಿ ಕುಂತು ಬೂಸ್ಟ ಹಿಡದ್ರ ಡಿಎನ್‌ಎ ಕೆಡ್ತೈತಿ.

ಇನ್ನ ಫೋನು. ತಮ್ಮಾ, ನೀ ಡುಪ್ಲಿಕೇಟ್ ಸಿಮ್ ತಗೊಂಡು ಬರ್ತೇನಿ ಅಂದಿ, ದಯಮಾಡಿ ಬ್ಯಾಡ. ಹೊಸಾದು ಚಾಲೂ ಆದ್ರ ಆಕಿ ಫೋನಿನ್ಯಾಗಿನ ಸಿಮ್ ಸತ್ತಂಗ, ಟವರ್ ಸುಳಿವು ಅಲ್ಲೇ ಮುಗೀತು. ಫೋನು ಬಂದ್ ಮಾಡಸೂ ಸರ್ಕಾರದ ಸಿಇಐಆರ್ ವೆಬ್‌ಸೈಟಿನ್ಯಾಗೂ ಬ್ಲಾಕ್ ಮಾಡಬ್ಯಾಡ್ರಿ, ಅದು ಕಳುವಾದ ಫೋನಿಗೆ ಛಲೋ, ಮನಷ್ಯಾರನ್ನ ಹುಡುಕೂ ಮುಂದ ಅಲ್ಲ. ಸಾಲಿಟ್ಟು ರಿಂಗ್ ಮಾಡಿ ಬ್ಯಾಟರಿ ಖಾಲಿ ಮಾಡಬ್ಯಾಡ್ರಿ. ಫೋನಿನ ಡಬ್ಬಿ ಮ್ಯಾಲ 15 ಅಂಕಿ ಐಎಂಇಐ, ಅಂದ್ರ ಫೋನಿನ ಗುರ್ತಿನ ನಂಬರ ಇರ್ತೈತಿ, ಅದನ್ನ ತನಿಖಾ ಅಧಿಕಾರಿಗೆ ಕೊಡ್ರಿ.

ದೂರಿನ್ಯಾಗ "ಕಾಣೆಯಾಗಿದ್ದಾಳೆ" ಅಂತ ಅಷ್ಟ ಬರದು ಬಂದ್ರ ಕೇಸು ಹಗುರ ಆಗ್ತೈತಿ. ರಕ್ತ, ಬಳಿ, ಒಂಟಿ ಚಪ್ಪಲಿ, ಹಿಂದಿನ ಧಮಕಿ ಎಲ್ಲಾ ಬರಸ್ರಿ. ಠಾಣೆಯವರು ಹದ್ದಿ ನಮ್ಮದಲ್ಲ, ಮಹಾರಾಷ್ಟ್ರದ ಜತ್ತ ಕಡೆ ಹೋಗ್ರಿ ಅಂದ್ರ, ಪೊಲೀಸ್ ತನಿಖೆ ನಿಯಮದ ಕಾಯ್ದೆ ಬಿಎನ್‌ಎಸ್‌ಎಸ್ 173ನೇ ಕಲಮಿನ ಪ್ರಕಾರ ಯಾವ ಠಾಣೆಯಾಗಾದ್ರೂ ಬರಕೋಬೇಕು, ಎಫ್‌ಐಆರ್ ಪ್ರತಿ ಪುಕ್ಕಟ. ಬರಕೊಳ್ಳಲಿಲ್ಲ ಅಂದ್ರ ಎಸ್ಪಿಗೆ ಅಂಚೆ ಹಾಕ್ರಿ. ಯಾರೋ ಕೂಡಿಟ್ಟಾರ ಅನ್ನೂ ಸುಳಿವು ಸಿಕ್ರ ಆಕಿನ್ನ ಕೋರ್ಟಿಗೆ ಹಾಜರ ಮಾಡ್ರಿ ಅನ್ನೂ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕೂದು ಹೈಕೋರ್ಟಿನ ಕಲಬುರಗಿ ಪೀಠದಾಗ, ಧಾರವಾಡ ಅಲ್ಲ, ನಮ್ಮ ವಿಜಯಪುರ ಜಿಲ್ಲಾ ಅಲ್ಲಿಗೇ ಬರ್ತೈತಿ.

ಹಿತ್ತಲದ ಫೋಟೋ ಹಾಕಿದವರು ತಗೀರಿ. ಆಕಿ ಅವ್ವನ ಕೈಯಾಗೂ ಫೋನ್ ಐತಿ.

ಈ ರಾತ್ರಿನೇ ಆಗಬೇಕಾದದ್ದು ಅಂಗಡಿಗಳ ಸಿಸಿಟಿವಿ ಕ್ಯಾಮೆರಾ ಕೆಲಸ. ಡಿಸ್ಕ್ ತುಂಬಿದ ಮ್ಯಾಲ ಹಳೇದು ತಾನೇ ಅಳಸತೈತಿ. 1 ಟಿಬಿಗೆ ನಾಕು ಕ್ಯಾಮೆರಾ ಇದ್ರ ಹೆಚ್ಚುಕಮ್ಮಿ ಹತ್ತು-ಹನ್ನೆರಡು ದಿನ, ಎಂಟಿದ್ರ ಅದರ ಅರ್ಧ. ಪರದೆ ಮ್ಯಾಲಿನ ಟೈಮು, ನಿಮ್ಮ ಮೊಬೈಲ್ ಟೈಮು ಎರಡೂ ಬರಕೋರಿ, ಡಿವಿಆರ್ (ಕ್ಯಾಮೆರಾ ರೆಕಾರ್ಡ್ ಮಾಡೂ ಡಬ್ಬಿ) ಗಡಿಯಾರ ಹಿಂದ-ಮುಂದ ಇರ್ತೈತಿ, ಆಮ್ಯಾಲ ಬಸ್ಸಿನ ಹೊತ್ತಿಗೆ ತಾಳ ಆಗೂದಿಲ್ಲ. ನೀವು ಕಾಪಿ ಹೊಡಿಯಾಕ ಹೋಗಬ್ಯಾಡ್ರಿ, ಅಳಸಬ್ಯಾಡ್ರಿ ಅಂತ ಮಾಲಕರಿಗೆ ಹೇಳಿ ಠಾಣೆಗೆ ತಿಳಸ್ರಿ. ಕಾಕಾ, ಬಸ್ ಸ್ಟ್ಯಾಂಡ್ ಎದುರಿನ ಮೆಡಿಕಲ್‌ಗೆ ನೀವು ಈಗ ಹೋಗ್ರಿ, ಹತ್ತಕ್ಕ ಬಾಗಿಲಾ ಹಾಕ್ತಾರ.