ಸಹಾಯ ಬೇಕು: ಕರಾಟೆಯ ಎತ್ತರದ ಕಿಕ್ ಮತ್ತು ಆತ್ಮರಕ್ಷಣೆ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯ ಕಡೆ ಪ್ರೌಢಶಾಲೆಯ ಹೆಣ್ಣುಮಕ್ಕಳಿಗೆ ಕರಾಟೆ ಕಲಿಸುತ್ತಿರುವ ನನಗೆ ಅನುಭವಿಗಳ ಸಲಹೆ ಬೇಕಾಗಿದೆ. ವಿಶ್ವ ಕರಾಟೆ ಫೆಡರೇಷನ್ನಿನ ಕುಮಿತೆ (ಇಬ್ಬರು ಎದುರುಬದುರಾಗಿ ಆಡುವ ಸ್ಪರ್ಧೆ) ನಿಯಮದಂತೆ ತಲೆಯ ಮಟ್ಟದ ಕಿಕ್‌ಗೆ 3 ಅಂಕ, ಎದೆ-ಹೊಟ್ಟೆಯ ಮಟ್ಟದ ಕಿಕ್‌ಗೆ 2, ಪಂಚ್‌ಗೆ 1 ಅಂಕ ದೊರೆಯುವುದರಿಂದ ಮಕ್ಕಳು ಸಹಜವಾಗಿಯೇ ಜೋದಾನ್ ಮವಾಶಿ ಗೆರಿಯನ್ನೇ (ತಲೆಯ ಮಟ್ಟಕ್ಕೆ ಕಾಲು ಬೀಸಿ ಒದೆಯುವ ಕಿಕ್) ಹೆಚ್ಚು ಅಭ್ಯಾಸ ಮಾಡುತ್ತಾರೆ. ಸೊಂಟದ ಕೆಳಗೆ ಒದ್ದರೆ ಅಂಕವೇ ಇಲ್ಲ. ಆದರೆ ಇವರು ಸಂಜೆ ಬಸ್ಸಿಳಿದು, ಬೆನ್ನಿಗೆ ಚೀಲ, ಕೈಯಲ್ಲಿ ಕೊಡೆ ಹಿಡಿದು ಮನೆಗೆ ನಡೆಯುವುದು ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುವ ತೋಟದ ದಾರಿಯಲ್ಲಿ.

ಮ್ಯಾಟ್ ಬಿಟ್ಟು ಒದ್ದೆ ಅಂಗಳದಲ್ಲಿ, ಚೂಡಿದಾರ್ ಮತ್ತು ಚಪ್ಪಲಿಯಲ್ಲೇ ಮಾಡಿಸಿ ನೋಡಿದೆ. ಕಾಲು ತಲೆಯೆತ್ತರಕ್ಕೆ ಏರಬೇಕಾದರೆ ನಿಂತ ಕಾಲಿನ ಹಿಮ್ಮಡಿ ತಿರುಗಲೇಬೇಕು. ಚಪ್ಪಲಿ ಜಾರುವುದೂ ಅಲ್ಲಿಯೇ. ಎದುರಾಳಿಯ ಮೊಣಕಾಲಿಗೆ ಒದೆಯುವುದು, ಹಿಡಿದ ಕೈ ಬಿಡಿಸಿಕೊಂಡು ಓಡುವುದು ಎಲ್ಲರಿಗೂ ಬೇಗ ಬಂತು. ಆದರೆ ಹೇಳದೆ ಕೇಳದೆ ಮೇಲೆ ಬಿದ್ದಾಗ ರೂಢಿಯ ಬಲದಿಂದ ಕಾಲು ಮತ್ತೆ ಮೇಲಕ್ಕೇ ಏಳುತ್ತದೆ. ಸ್ಪರ್ಧೆ ಬಿಡಿಸಲು ನನಗೆ ಮನಸ್ಸಿಲ್ಲ; ಅದು ಈ ಮಕ್ಕಳಿಗೆ ಕೊಟ್ಟಿರುವ ಧೈರ್ಯ ಸಣ್ಣದಲ್ಲ.

ಸ್ಪರ್ಧೆಯ ಕರಾಟೆ, ಆತ್ಮರಕ್ಷಣೆ ಇವೆರಡನ್ನೂ ಒಂದೇ ತರಗತಿಯಲ್ಲಿ ಬೆರೆಸಿ ಕಲಿಸಬೇಕೇ, ಅಥವಾ ದಿನ, ಜಾಗ, ಉಡುಪು ಎಲ್ಲವನ್ನೂ ಬೇರೆ ಮಾಡಿ ಕಲಿಸಬೇಕೇ? ಹಾಗೆ ಕಲಿಸಿ ಫಲ ಕಂಡವರು ದಯವಿಟ್ಟು ತಮ್ಮ ಕ್ರಮವನ್ನು ತಿಳಿಸಿ.